ಬೀಗ ತೆಗೆದ ಗ್ರಂಥಪಾಲಕ: ಡಾ. ಎಸ್. ಆರ್. ರಂಗನಾಥನ್

ಪ್ರತಿ ವರ್ಷ ಆಗಸ್ಟ್ 12ರಂದು ನಮ್ಮ ದೇಶದಲ್ಲಿ ರಾಷ್ಟ್ರೀಯ ಗ್ರಂಥಪಾಲಕರ ದಿನವನ್ನು ಆಚರಿಸಲಾಗುತ್ತದೆ. ಭಾರತದಲ್ಲಿ ಗ್ರಂಥಾಲಯ ವಿಜ್ಞಾನವೆಂಬ ವಿದ್ಯಾಶಾಖೆಗೆ ಅಡಿಪಾಯ ಹಾಕಿದ ಡಾ. ಶಿಯಾಳಿ ರಾಮಾಮೃತ ರಂಗನಾಥನ್ ಅವರ ಜನ್ಮದಿನದ ಸ್ಮರಣೆಯದು. ಅವರ ಬದುಕು ನಮ್ಮ ಗಡಿನಾಡನ್ನೂ ಹಾದುಹೋಗಿದೆ ಎಂಬುದು ಮಾತ್ರ ಹಿರಿಯರಲ್ಲಿಯೂ ಅನೇಕರಿಗೆ ತಿಳಿದಿಲ್ಲ. ಅವರು ಅಧ್ಯಾಪಕ ವೃತ್ತಿಯನ್ನು ಆರಂಭಿಸಿದ್ದು ಮಂಗಳೂರಿನಲ್ಲಿ. ಕಾಸರಗೋಡು ಆಗ ಅದೇ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಅವರ ದೀರ್ಘ ಪ್ರಯತ್ನದ ಫಲವಾಗಿ ಬಂದ ಗ್ರಂಥಾಲಯ ಕಾನೂನು ಮೊದಲು ಜಾರಿಗೊಂಡ ನೆಲದಲ್ಲಿ ಇಂದಿನ ಗಡಿನಾಡ ಕನ್ನಡ ಪ್ರದೇಶಗಳಲ್ಲಿ ಹಲವು ಸೇರಿದ್ದವು. ಅವರು ಕೊನೆಯುಸಿರೆಳೆದದ್ದು ಬೆಂಗಳೂರಿನಲ್ಲಿ.

ಮಕ್ಕಳನ್ನು ಕನ್ನಡ ಮಾಧ್ಯಮ ಶಾಲೆಗೆ ಕಳುಹಿಸುವ ಮನೆಗಳು ಈ ಜೀವನವನ್ನು ಅರಿಯಬೇಕಾದುದಕ್ಕೆ ಇನ್ನೊಂದು ಕಾರಣವೂ ಇದೆ. ಓದುವವನಿಗೆ ಅವನ ಪುಸ್ತಕ ದೊರೆಯುವುದು ಯಾರೋ ತೋರುವ ದಯೆಯಲ್ಲ, ಅದು ಅವನ ಹಕ್ಕು ಎಂಬ ವಿಚಾರವನ್ನು ಶಾಸ್ತ್ರವನ್ನಾಗಿಯೂ ಕಾನೂನನ್ನಾಗಿಯೂ ರೂಪಿಸಲು ದುಡಿದವರು ರಂಗನಾಥನ್.

ಶಿಯಾಳಿಯಿಂದ ಮಂಗಳೂರಿಗೆ

ರಂಗನಾಥನ್ ಅವರು 1892ರಲ್ಲಿ ಅಂದಿನ ಮದರಾಸು ಪ್ರಾಂತ್ಯದ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಜನಿಸಿದರು. ಆ ಊರನ್ನು ಇಂದು ಸೀರ್ಕಾಳಿ ಎಂದು ಕರೆಯುತ್ತಾರೆ. ತಂದೆ ರಾಮಾಮೃತ ಅಯ್ಯರ್ ಅವರು ಊರ ಜನರನ್ನು ಕೂಡಿಸಿ ರಾಮಾಯಣವನ್ನು ವಿವರಿಸುತ್ತಿದ್ದವರು. ಮಗನಿಗೆ ಆರು ವರ್ಷವಾಗಿದ್ದಾಗಲೇ ಅವರು ತೀರಿಕೊಂಡರು. ತಾಯಿ ಸೀತಾಲಕ್ಷ್ಮಿ ಮತ್ತು ಬಂಧುಗಳ ಆಸರೆಯಲ್ಲಿ ಬೆಳೆದ ಹುಡುಗ ಊರಿನ ಹಿಂದೂ ಹೈಸ್ಕೂಲಿನಲ್ಲಿ ಓದಿ, ಮದರಾಸಿನ ಕ್ರಿಶ್ಚಿಯನ್ ಕಾಲೇಜಿಗೆ ಸೇರಿದ. ಅಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಎಡ್ವರ್ಡ್ ರಾಸ್ ಅವರು ಈ ಶಿಷ್ಯನ ಮೇಲೆ ವಿಶೇಷ ಪ್ರೀತಿ ಇರಿಸಿದ್ದರು. ಗುರುಶಿಷ್ಯರ ಆ ನಂಟು ಮುಂದೆಯೂ ಉಳಿಯಿತು. 1913ರಲ್ಲಿ ಬಿ.ಎ., 1916ರಲ್ಲಿ ಗಣಿತದಲ್ಲಿ ಎಂ.ಎ. ಪದವಿಗಳನ್ನು ಪಡೆದ ರಂಗನಾಥನ್, ಅನಂತರ ಸೈದಾಪೇಟೆಯಲ್ಲಿ ಅಧ್ಯಾಪಕ ತರಬೇತಿಯನ್ನು ಮುಗಿಸಿದರು.

ಅವರಿಗೆ ಮಾತು ತೊದಲುತ್ತಿತ್ತು. ಅಧ್ಯಾಪಕನಾಗಲು ಹೊರಟವನಿಗೆ ಅದು ಸಣ್ಣ ತೊಡಕಲ್ಲ. ಆದರೂ ಅವರು ತರಗತಿಯ ಕೆಲಸವನ್ನೇ ಆರಿಸಿಕೊಂಡು, ಅಭ್ಯಾಸದಿಂದ ಆ ತೊಡಕನ್ನು ಬಹುಮಟ್ಟಿಗೆ ಗೆದ್ದರು. 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಗಣಿತದ ಸಹಾಯಕ ಉಪನ್ಯಾಸಕರಾಗಿ ನೇಮಕಗೊಂಡ ಅವರು 1920ರವರೆಗೆ ಅಲ್ಲಿದ್ದು, ಬಳಿಕ ಕೊಯಮತ್ತೂರಿಗೂ ಅಲ್ಲಿಂದ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೂ ವರ್ಗವಾದರು. ಗಣಿತದ ಇತಿಹಾಸದಲ್ಲಿ ಅವರಿಗೆ ಆಸಕ್ತಿಯಿತ್ತು. ವಿದ್ಯಾರ್ಥಿಗಳು ತಾವೇ ಪುಸ್ತಕ ತೆರೆದು ಹುಡುಕಿ ಕಲಿಯಬೇಕೆಂಬುದು ಅವರ ಬೋಧನೆಯ ರೀತಿ. ಅಧ್ಯಾಪಕರ ಅಲ್ಪ ಸಂಬಳದ ವಿಷಯದಲ್ಲಿಯೂ ಅವರು ಸಂಘಟನೆಯ ಮೂಲಕ ದನಿ ಎತ್ತಿದ್ದರು.

ಒಲ್ಲದ ಹುದ್ದೆ

ಮದರಾಸು ವಿಶ್ವವಿದ್ಯಾನಿಲಯವು ತನ್ನ ಗ್ರಂಥಾಲಯಕ್ಕೆ ಪೂರ್ಣಾವಧಿಯ ಗ್ರಂಥಪಾಲಕರೊಬ್ಬರನ್ನು ನೇಮಿಸಲು ನಿರ್ಧರಿಸಿದಾಗ ನೂರಾರು ಮಂದಿ ಅರ್ಜಿ ಹಾಕಿದರು. ಆ ಕೆಲಸದಲ್ಲಿ ಸರಿಯಾದ ತರಬೇತಿ ಪಡೆದವರು ಅವರಲ್ಲಿ ಇರಲಿಲ್ಲ. ರಂಗನಾಥನ್ ಅವರಿಗೂ ಇರಲಿಲ್ಲ. ಸಂದರ್ಶನಕ್ಕೆ ಮೊದಲು ವಿಶ್ವಕೋಶವೊಂದರಲ್ಲಿ ಗ್ರಂಥಾಲಯಗಳ ಕುರಿತಾದ ಲೇಖನವನ್ನು ಓದಿಕೊಂಡದ್ದೇ ಅವರ ಸಿದ್ಧತೆ. ಆಯ್ಕೆಯಾದವರು ಅವರೇ. 1924ರ ಜನವರಿಯಲ್ಲಿ ಅವರು ಅಧಿಕಾರ ವಹಿಸಿಕೊಂಡರು.

ಕೆಲವೇ ದಿನಗಳಲ್ಲಿ ಅವರಿಗೆ ಬೇಸರ ಹಿಡಿಯಿತು. ವಿದ್ಯಾರ್ಥಿಗಳ ನಡುವೆ ಇದ್ದವರಿಗೆ ಓದುಗರೇ ಸುಳಿಯದ ಗ್ರಂಥಾಲಯದ ಮೌನ ಸಹನೆಯಾಗಲಿಲ್ಲ. ಹಿಂದಿನ ಕಾಲೇಜಿಗೆ ಹೋಗಿ, ತಮ್ಮನ್ನು ಮತ್ತೆ ಗಣಿತ ವಿಭಾಗಕ್ಕೆ ಕರೆಸಿಕೊಳ್ಳುವಂತೆ ಬೇಡಿಕೊಂಡರು. ಇಂಗ್ಲೆಂಡಿಗೆ ತೆರಳಿ ಗ್ರಂಥಾಲಯ ವಿದ್ಯೆಯನ್ನು ಕಲಿತು ಬರಬೇಕು, ಆಮೇಲೂ ಮನಸ್ಸು ಒಗ್ಗದಿದ್ದರೆ ಹಿಂದಿರುಗಬಹುದು ಎಂಬ ಷರತ್ತಿನ ಮೇಲೆ ಪ್ರಾಂಶುಪಾಲರು ಅವರನ್ನು ಸಮಾಧಾನಪಡಿಸಿದರು. ಅದೇ ವರ್ಷ ರಂಗನಾಥನ್ ಲಂಡನ್ನಿಗೆ ಹೊರಟರು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರಿಗೆ ವರ್ಗೀಕರಣವನ್ನು ಕಲಿಸಿದವರು ಬರ್ವಿಕ್ ಸೇಯರ್ಸ್. ಸೇಯರ್ಸ್ ಅವರು ಕ್ರಾಯ್ಡನ್ ನಗರದ ಸಾರ್ವಜನಿಕ ಗ್ರಂಥಾಲಯದ ಮುಖ್ಯಸ್ಥರೂ ಆಗಿದ್ದರು. ಅವರ ನೆರವಿನಿಂದ ಕ್ರಾಯ್ಡನ್ನಿನಲ್ಲಿ ಕೆಲಸ ಕಲಿತ ರಂಗನಾಥನ್, ಅಲ್ಲಿಂದಾಚೆ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸುತ್ತಿ ನೋಡಿದರು. ಅಲ್ಲಿ ಕಂಡ ದೃಶ್ಯ ಅವರ ಮನಸ್ಸನ್ನು ತಿರುಗಿಸಿತು. ಕಾರ್ಖಾನೆಯ ಕೂಲಿಯವರು, ಮನೆವಾರ್ತೆಯ ಹೆಂಗಸರು, ಶಾಲೆಯ ಮಕ್ಕಳು ಎಲ್ಲರೂ ಗ್ರಂಥಾಲಯದೊಳಗೆ ಬಂದು ತಮಗೆ ಬೇಕಾದ ಪುಸ್ತಕವನ್ನು ಕೈಯಾರೆ ತೆಗೆದುಕೊಳ್ಳುತ್ತಿದ್ದರು. ತಮ್ಮ ನಾಡಿನಲ್ಲಿ ಪುಸ್ತಕವೆಂದರೆ ಬೀಗ ಹಾಕಿದ ಕಪಾಟಿನ ಸ್ವತ್ತು. ಈ ಅಂತರವನ್ನು ಕಂಡ ಮೇಲೆ ಅವರು ಗಣಿತ ವಿಭಾಗಕ್ಕೆ ಹಿಂದಿರುಗುವ ಯೋಚನೆಯನ್ನು ಬಿಟ್ಟುಬಿಟ್ಟರು.

ಐದು ಸೂತ್ರಗಳು

1925ರಲ್ಲಿ ಮದರಾಸಿಗೆ ಮರಳಿದ ಅವರು ಗ್ರಂಥಾಲಯವನ್ನು ಬುಡದಿಂದ ಬದಲಾಯಿಸಿದರು. ಓದುಗರು ಕಪಾಟಿನ ಬಳಿಗೆ ನೇರವಾಗಿ ಹೋಗುವಂತಾಯಿತು. ಬಾಗಿಲು ತೆರೆದಿರುವ ಹೊತ್ತು ಹೆಚ್ಚಿತು. ಏನನ್ನು ಹೇಗೆ ಹುಡುಕಬೇಕೆಂದು ಓದುಗರ ಜೊತೆ ನಿಂತು ತೋರಿಸುವ ಸಿಬ್ಬಂದಿ ಸಿದ್ಧವಾಯಿತು. ಸ್ವತಃ ರಂಗನಾಥನ್ ರಜೆಯನ್ನೇ ತೆಗೆದುಕೊಳ್ಳದೆ ವರ್ಷಗಟ್ಟಲೆ ದುಡಿದರು. 1928ರಲ್ಲಿ ಮದರಾಸು ಗ್ರಂಥಾಲಯ ಸಂಘ ಸ್ಥಾಪನೆಗೊಂಡಾಗ ಅದರ ಕಾರ್ಯದರ್ಶಿಯಾದರು. ಮರುವರ್ಷ ಗ್ರಂಥಪಾಲಕರ ತರಬೇತಿ ಶಾಲೆಯನ್ನು ಆರಂಭಿಸಿದರು.

ಗಣಿತ ಬಲ್ಲ ಅವರಿಗೆ ಒಂದು ಕೊರತೆ ಕಾಡುತ್ತಿತ್ತು. ಪುಸ್ತಕ ಕೊಡುವುದು, ಪಟ್ಟಿ ಬರೆಯುವುದು, ಜೋಡಿಸುವುದು ಎಂಬ ನೂರು ರೂಢಿಗಳಿದ್ದವು. ಅವುಗಳ ಹಿಂದೆ ಮೂಲತತ್ತ್ವಗಳು ಯಾವುವು ಎಂಬುದು ಸ್ಪಷ್ಟವಿರಲಿಲ್ಲ. 1928ರಲ್ಲಿ ಅವರು ಆ ತತ್ತ್ವಗಳನ್ನು ಐದು ಸೂತ್ರಗಳಾಗಿ ಇಳಿಸಿದರು. ಮೊದಲನೆಯ ಸೂತ್ರವು ಮಾತಿನ ರೂಪ ಪಡೆದದ್ದು ಅವರ ಗುರು ರಾಸ್ ಅವರ ಸಲಹೆಯಿಂದ. ಅದೇ ವರ್ಷ ಅವರ ಪತ್ನಿ ರುಕ್ಮಿಣಿ ಅಪಘಾತವೊಂದರಲ್ಲಿ ತೀರಿಕೊಂಡರು. ಮರುವರ್ಷದ ಕೊನೆಯಲ್ಲಿ ಅವರು ಶಾರದಾ ಅವರನ್ನು ವಿವಾಹವಾದರು. ಸೂತ್ರಗಳನ್ನು ವಿವರಿಸುವ ಗ್ರಂಥವನ್ನು ಮದರಾಸು ಗ್ರಂಥಾಲಯ ಸಂಘ 1931ರಲ್ಲಿ ಪ್ರಕಟಿಸಿತು. ಸೇಯರ್ಸ್ ಅವರು ಅದಕ್ಕೆ ಪ್ರಸ್ತಾವನೆ ಬರೆದರು.

ಆ ಸೂತ್ರಗಳ ತಿರುಳು ಮಕ್ಕಳಿಗೂ ಅರ್ಥವಾಗುವಷ್ಟು ಸರಳ. ಪುಸ್ತಕವಿರುವುದು ಬಳಸುವುದಕ್ಕೆ, ಕಾದಿರಿಸುವುದಕ್ಕಲ್ಲ ಎಂಬುದು ಮೊದಲನೆಯದು. ಮಧ್ಯಯುಗದ ಯುರೋಪಿನಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಮೇಜಿಗೆ ಬಿಗಿದಿಡುತ್ತಿದ್ದರೆಂಬುದನ್ನು ನೆನೆದರೆ ಈ ಮಾತಿನ ಬೆಲೆ ತಿಳಿಯುತ್ತದೆ. ಯಾವ ಓದುಗನನ್ನೂ ಹೊರಗಿಡದೆ ಪ್ರತಿಯೊಬ್ಬನಿಗೂ ತಕ್ಕ ಪುಸ್ತಕವನ್ನು ಒದಗಿಸಬೇಕೆಂಬುದು ಎರಡನೆಯದು. ಕಪಾಟಿನಲ್ಲಿರುವ ಪ್ರತಿ ಪುಸ್ತಕಕ್ಕೂ ಎಲ್ಲೋ ಒಬ್ಬ ಓದುಗ ಇದ್ದಾನೆ, ಅವನನ್ನು ಹುಡುಕಿ ಪುಸ್ತಕವನ್ನು ಮುಟ್ಟಿಸಬೇಕೆಂಬುದು ಮೂರನೆಯದು. ಓದುಗನ ಹೊತ್ತು ಹಾಳಾಗದಂತೆ ನೋಡಿಕೊಳ್ಳುವುದು ನಾಲ್ಕನೆಯದು. ಗ್ರಂಥಾಲಯವು ಬೆಳೆಯುತ್ತಲೇ ಇರುವ ಜೀವಿಯಿದ್ದಂತೆ, ಬೆಳವಣಿಗೆಗೆ ಮೊದಲೇ ಎಡೆ ಇಡಬೇಕೆಂಬುದು ಐದನೆಯದು.

ಎರಡನೆಯ ಸೂತ್ರಕ್ಕೆ ಅವರು ಬರೆದ ವಿವರಣೆ ಬಹು ವಿಸ್ತಾರವಾದದ್ದು. ಬಡವರು, ಹೆಂಗಸರು, ಹಳ್ಳಿಗರು, ಮಕ್ಕಳು, ಕಣ್ಣಿಲ್ಲದವರು, ಸೆರೆಮನೆಯಲ್ಲಿರುವವರು, ಹೀಗೆ ಪುಸ್ತಕದಿಂದ ದೂರ ಉಳಿದ ಒಂದೊಂದು ವರ್ಗವನ್ನೂ ಅವರು ಎತ್ತಿ ತೋರಿಸಿದರು. 1931ರಲ್ಲಿಯೇ ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿಯ ಸುತ್ತಲಿನ ಹಳ್ಳಿಗಳಲ್ಲಿ ಎತ್ತಿನ ಗಾಡಿಯ ಸಂಚಾರಿ ಗ್ರಂಥಾಲಯ ಹೊರಟಿತು. ಗ್ರಂಥಾಲಯಕ್ಕೆ ಬರಲಾಗದ ರೈತನ ಬಳಿಗೆ ಗ್ರಂಥಾಲಯವೇ ಹೋಗಬೇಕೆಂಬ ಅವರ ವಿಚಾರಕ್ಕೆ ಊರವರ ಉತ್ಸಾಹ ಕೂಡಿದಾಗ ಆ ಕಾರ್ಯ ನಡೆಯಿತು.

ಆಟಿಕೆಯಿಂದ ಹುಟ್ಟಿದ ವರ್ಗೀಕರಣ

ರಂಗನಾಥನ್ ಅವರಿಗೆ ಜಗತ್ತಿನ ಕೀರ್ತಿಯನ್ನು ತಂದದ್ದು ಅವರ ವರ್ಗೀಕರಣ ಪದ್ಧತಿ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿಯು ಆಗ ಹಲವು ದೇಶಗಳಲ್ಲಿ ಬಳಕೆಯಲ್ಲಿತ್ತು. ಅದು ಜ್ಞಾನವನ್ನೆಲ್ಲ ಹತ್ತು ಭಾಗ ಮಾಡಿ, ಪ್ರತಿ ವಿಷಯಕ್ಕೂ ಮೊದಲೇ ಒಂದು ಸಂಖ್ಯೆಯನ್ನು ನಿಗದಿಪಡಿಸುವ ಕ್ರಮ. ಸಿದ್ಧಪಟ್ಟಿಯಲ್ಲಿ ಇಲ್ಲದ ಹೊಸ ವಿಷಯ ಬಂದರೆ ಅದಕ್ಕೆ ಜಾಗ ಹುಡುಕುವುದು ಕಷ್ಟ. ಪಟ್ಟಿಯನ್ನು ಮಾಡಿದವರ ನಾಡಿಗೆ ಹೆಚ್ಚು ಜಾಗ, ದೂರದವರಿಗೆ ಕಡಿಮೆ ಜಾಗ ಎಂಬ ಓರೆಯೂ ಅದರಲ್ಲಿ ಉಳಿದುಕೊಂಡಿತು. ಇಂದಿಗೂ ಆ ಪದ್ಧತಿಯಲ್ಲಿ ಇಂಗ್ಲಿಷ್ ಸಾಹಿತ್ಯದ ಸಂಖ್ಯೆ 820. ಸಾವಿರ ವರ್ಷಕ್ಕೂ ಮಿಕ್ಕಿದ ಇತಿಹಾಸವಿರುವ ಕನ್ನಡ ಸಾಹಿತ್ಯದ ಸಂಖ್ಯೆ 894.814. ಯುರೋಪಿನ ಪ್ರಮುಖ ಭಾಷೆಗಳಿಗೆ ಹಂಚಿ ಉಳಿದ ಮೂಲೆಯಲ್ಲಿ ಏಷ್ಯಾ ಮತ್ತು ಆಫ್ರಿಕಾ ಖಂಡಗಳ ನುಡಿಗಳೆಲ್ಲ ಒತ್ತೊತ್ತಾಗಿ ಕುಳಿತಿವೆ.

ಲಂಡನ್ನಿನ ಅಂಗಡಿಯೊಂದರಲ್ಲಿ ರಂಗನಾಥನ್ ಮೆಕ್ಯಾನೊ ಎಂಬ ಆಟಿಕೆಯನ್ನು ಕಂಡರು. ಕೆಲವು ಲೋಹದ ಪಟ್ಟಿಗಳು, ಚಕ್ರಗಳು, ತಿರುಪುಗಳು. ಅವನ್ನೇ ಬೇರೆ ಬೇರೆ ಬಗೆಯಲ್ಲಿ ಜೋಡಿಸಿದರೆ ಬೇರೆ ಬೇರೆ ಆಟಿಕೆಗಳಾಗುತ್ತಿದ್ದವು. ವಿಷಯಗಳನ್ನೂ ಹೀಗೆಯೇ ಬಿಡಿ ಬಿಡಿ ಅಂಶಗಳಿಂದ ಜೋಡಿಸಬಹುದಲ್ಲವೇ ಎಂದು ಅವರಿಗೆ ಹೊಳೆಯಿತು. ಆ ಅಂಶಗಳನ್ನು ಬೆಸೆಯುವ ತಿರುಪಾಗಿ ಅವರು ಎರಡು ಚುಕ್ಕಿಯ ಕೋಲನ್ ಚಿಹ್ನೆಯನ್ನು ಬಳಸಿದರು. 1933ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣದ ಹುಟ್ಟು ಹೀಗೆ. ಮರುವರ್ಷ ಸೂಚೀಕರಣದ ನಿಯಮಗಳನ್ನೂ, 1937ರಲ್ಲಿ ವರ್ಗೀಕರಣದ ಸಿದ್ಧಾಂತಗ್ರಂಥವನ್ನೂ ಅವರು ಹೊರತಂದರು.

ನಮ್ಮ ಕಡೆಯ ಉದಾಹರಣೆಯಿಂದ ಇದನ್ನು ಹೀಗೆ ವಿವರಿಸಬಹುದು. ಕಾಸರಗೋಡಿನ ತೋಟಗಳಲ್ಲಿ ಅಡಕೆಯ ಕೊಳೆರೋಗವನ್ನು ಮದ್ದು ಸಿಂಪಡಿಸಿ ತಡೆಯುವ ಬಗೆಯನ್ನು ಕುರಿತು ಒಂದು ಪುಸ್ತಕ ಇದೆಯೆನ್ನೋಣ. ಅದರಲ್ಲಿ ಬೆಳೆ ಒಂದು ಅಂಶ, ರೋಗ ಒಂದು ಅಂಶ, ಚಿಕಿತ್ಸೆ ಒಂದು, ಸ್ಥಳ ಒಂದು, ಕಾಲ ಒಂದು. ಪ್ರತಿಯೊಂದಕ್ಕೂ ತನ್ನದೇ ಚಿಹ್ನೆಯಿದ್ದರೆ, ಅವನ್ನು ಕ್ರಮವಾಗಿ ಜೋಡಿಸಿದಾಗ ಆ ಪುಸ್ತಕಕ್ಕೆ ತಕ್ಕ ಸಂಖ್ಯೆ ತಾನಾಗಿ ಮೂಡುತ್ತದೆ. ಕೇಂದ್ರದಲ್ಲಿ ಕುಳಿತವರು ಕಾಸರಗೋಡಿನ ಅಡಕೆಯ ಹೆಸರನ್ನು ಮೊದಲೇ ಕೇಳಿರಬೇಕಾಗಿಲ್ಲ. ಸಾಹಿತ್ಯದ ಪುಸ್ತಕಗಳಿಗೆ ಅವರು ಭಾಷೆ, ಪ್ರಕಾರ, ಲೇಖಕರ ಜನ್ಮವರ್ಷ ಎಂಬ ಕ್ರಮವನ್ನಿಟ್ಟರು. ಗ್ರಂಥಾಲಯವು ತನ್ನ ಓದುಗರ ಭಾಷೆಯನ್ನೇ ಮೊದಲ ಸ್ಥಾನದಲ್ಲಿ ಇರಿಸಿಕೊಳ್ಳಲೂ ಆ ಪದ್ಧತಿಯಲ್ಲಿ ಅವಕಾಶವಿದೆ.

ಕೋಲನ್ ಸಂಖ್ಯೆಗಳು ಉದ್ದವೂ ತೊಡಕೂ ಆಗುವುದರಿಂದ ಭಾರತದ ಹೆಚ್ಚಿನ ಗ್ರಂಥಾಲಯಗಳು ಡ್ಯೂಯಿ ಪದ್ಧತಿಯಲ್ಲಿಯೇ ಉಳಿದವು ಎಂಬುದು ನಿಜ. ಆದರೆ ಅದರ ಹಿಂದಿನ ತತ್ತ್ವವು ಕಡಲು ದಾಟಿತು. ಲಂಡನ್ನಿನಲ್ಲಿ 1952ರಲ್ಲಿ ರೂಪುಗೊಂಡ ವರ್ಗೀಕರಣ ಸಂಶೋಧಕರ ಬಳಗವು ರಂಗನಾಥನ್ ಅವರ ವಿಶ್ಲೇಷಣೆಯನ್ನೇ ತನ್ನ ಅಧ್ಯಯನದ ಬುನಾದಿಯನ್ನಾಗಿ ಮಾಡಿಕೊಂಡಿತು. ಪರಾಧೀನ ದೇಶವೊಂದರಲ್ಲಿ, ಹಿಂದಿನ ಪರಂಪರೆಯ ಬಲವಿಲ್ಲದೆ, ಮದರಾಸಿನ ಸಂಘವೊಂದರ ಮುದ್ರಣದಲ್ಲಿ ಹೊರಬಂದ ಶಾಸ್ತ್ರವನ್ನು ಆಳುವವರ ರಾಜಧಾನಿಯೇ ಕಲಿತುಕೊಂಡಿತು. ಇಂದು ಮೊಬೈಲಿನಲ್ಲಿ ಪುಸ್ತಕ ಹುಡುಕುವಾಗ ಭಾಷೆ, ವಿಷಯ, ಲೇಖಕ, ವರ್ಷ ಎಂದು ಒಂದೊಂದಾಗಿ ಆರಿಸಿ ಪಟ್ಟಿಯನ್ನು ಕಿರಿದುಗೊಳಿಸುತ್ತೇವೆ. ಆ ಏರ್ಪಾಡಿನ ಹಿಂದೆಯೂ ಇದೇ ಬಗೆಯ ಯೋಚನೆಯಿದೆ.

ದಯೆಯಿಂದ ಕಾನೂನಿಗೆ

ದಾನಿಗಳ ಔದಾರ್ಯದಿಂದ ನಡೆಯುವ ಗ್ರಂಥಾಲಯ ದಾನಿಯ ಕಾಲ ಮುಗಿದೊಡನೆ ಸೊರಗುತ್ತದೆ. ಸರಕಾರದ ವರ್ಷವರ್ಷದ ಅನುದಾನವಾದರೂ ಹಣದ ಅಡಚಣೆ ಬಂದಾಗ ಮೊದಲು ಕಡಿತವಾಗುವುದು ಪುಸ್ತಕದ ಬಾಬತ್ತಿನಲ್ಲಿ. ಇದನ್ನು ಕಂಡಿದ್ದ ರಂಗನಾಥನ್, ಗ್ರಂಥಾಲಯಕ್ಕೆ ಕಾನೂನಿನ ಆಧಾರವೂ ಮನೆ ತೆರಿಗೆಯೊಡನೆ ಸೇರಿಬರುವ ಸಣ್ಣ ಗ್ರಂಥಾಲಯ ಕರವೂ ಬೇಕೆಂದು ವಾದಿಸಿದರು. 1930ರಲ್ಲಿ ಕಾಶಿಯಲ್ಲಿ ಸೇರಿದ ಅಖಿಲ ಏಷ್ಯಾ ಶಿಕ್ಷಣ ಸಮ್ಮೇಳನದಲ್ಲಿ ಅವರು ಮಾದರಿ ಗ್ರಂಥಾಲಯ ಮಸೂದೆಯನ್ನು ಮಂಡಿಸಿದರು. ಅದು ಕಾನೂನಾಗಿ ಫಲಿಸಲು 18 ವರ್ಷ ಹಿಡಿಯಿತು. ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾನೂನಾದ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯಿದೆ 1948ರಲ್ಲಿ ಅಂಗೀಕಾರವಾಯಿತು.

ಅಂದಿನ ಮದರಾಸು ಪ್ರಾಂತ್ಯದ ನಕ್ಷೆಯನ್ನು ಒಮ್ಮೆ ನೆನೆಯಬೇಕು. ಕಾಸರಗೋಡು ದಕ್ಷಿಣ ಕನ್ನಡದಲ್ಲಿತ್ತು, ವಯನಾಡು ಮಲಬಾರಿನಲ್ಲಿತ್ತು. ನೀಲಗಿರಿ ಪ್ರತ್ಯೇಕ ಜಿಲ್ಲೆಯಾಗಿತ್ತು. ಹೊಸೂರು ಸೇಲಂ ಜಿಲ್ಲೆಗೂ ತಾಳವಾಡಿ ಕೊಯಮತ್ತೂರು ಜಿಲ್ಲೆಗೂ ಸೇರಿದ್ದವು. ಆದವಾನಿ ಮತ್ತು ರಾಯದುರ್ಗ ಬಳ್ಳಾರಿ ಜಿಲ್ಲೆಯ ತಾಲೂಕುಗಳು, ಮಡಕಶಿರಾ ಅನಂತಪುರದ್ದು. ಈ ಎಲ್ಲ ಊರುಗಳೂ ಆ ಒಂದೇ ಕಾಯಿದೆಯ ವ್ಯಾಪ್ತಿಯೊಳಗೆ ಬಂದವು. 1953 ಮತ್ತು 1956ರ ಪುನರ್ವಿಂಗಡಣೆಯಲ್ಲಿ ಅವು ಆಂಧ್ರ, ಕೇರಳ, ಮದರಾಸು ರಾಜ್ಯಗಳಿಗೆ ಹಂಚಿಹೋದವು. ಬಳಿಕ ಆಂಧ್ರಪ್ರದೇಶ 1960ರಲ್ಲಿ, ಮೈಸೂರು 1965ರಲ್ಲಿ, ಮಹಾರಾಷ್ಟ್ರ 1967ರಲ್ಲಿ, ಕೇರಳ 1989ರಲ್ಲಿ, ಗೋವಾ 1993ರಲ್ಲಿ ತಮ್ಮ ತಮ್ಮ ಗ್ರಂಥಾಲಯ ಕಾಯಿದೆಗಳನ್ನು ಮಾಡಿಕೊಂಡವು. ರಾಜ್ಯ ಬೇರೆಯಾದರೂ ಗಡಿನಾಡ ಕನ್ನಡಿಗನು ತೆರಿಗೆ ಕೊಡುವ ಪ್ರಜೆಯಾಗಿಯೂ ಓದುಗನಾಗಿಯೂ ಆಯಾ ಕಾಯಿದೆಯೊಳಗೆ ಇದ್ದಾನೆ. ಅವನ ಪುಸ್ತಕ ಕನ್ನಡದ್ದು ಎಂಬ ಕಾರಣಕ್ಕೆ ಗ್ರಂಥಾಲಯದ ಎರಡನೆಯ ಸೂತ್ರ ಅವನಿಗೆ ಅನ್ವಯಿಸದೆ ಹೋಗುವುದಿಲ್ಲ.

ಕಾಶಿ, ದೆಹಲಿ, ಬೆಂಗಳೂರು

ಮದರಾಸಿನಲ್ಲಿ ಎರಡು ದಶಕಗಳ ಸೇವೆಯ ಬಳಿಕ, ಸರ್ವೇಪಲ್ಲಿ ರಾಧಾಕೃಷ್ಣನ್ ಅವರ ಕರೆಯ ಮೇರೆಗೆ ರಂಗನಾಥನ್ 1945ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಸಿಬ್ಬಂದಿಯ ಕೊರತೆಯಿತ್ತು. ಸುಮಾರು ಒಂದು ಲಕ್ಷ ಪುಸ್ತಕಗಳನ್ನು ಅವರು ತಾವೇ ಕುಳಿತು ವರ್ಗೀಕರಿಸಿದರು. 1947ರಲ್ಲಿ ದೆಹಲಿ ವಿಶ್ವವಿದ್ಯಾನಿಲಯಕ್ಕೆ ತೆರಳಿ, ಗ್ರಂಥಾಲಯ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿಗೂ ಸಂಶೋಧನೆಗೂ ದಾರಿ ತೆರೆದರು. ಕಾರಕೂನಿಕೆಯೆಂದು ಎಣಿಸಲಾಗಿದ್ದ ವೃತ್ತಿಗೆ ಹೀಗೆ ವಿದ್ಯೆಯ ಮಾನ್ಯತೆ ದೊರೆಯಿತು.

1950ರ ದಶಕದ ನಡುವೆ ಕೆಲವು ವರ್ಷ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿದ್ದು, ತಾಯ್ನಾಡಿಗೆ ಮರಳಿದ ಅವರು ಬೆಂಗಳೂರಿನಲ್ಲಿ ನೆಲೆಸಿದರು. ಅದೇ ಹೊತ್ತಿಗೆ ತಮ್ಮ ಜೀವಮಾನದ ಉಳಿತಾಯದಿಂದ ಒಂದು ಲಕ್ಷ ರೂಪಾಯಿಯನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಕೊಟ್ಟು, ಪತ್ನಿಯ ಹೆಸರಿನಲ್ಲಿ ಗ್ರಂಥಾಲಯ ವಿಜ್ಞಾನದ ಪೀಠವನ್ನು ಸ್ಥಾಪಿಸಿದರು. 1961ರಲ್ಲಿ ಬೆಂಗಳೂರಿನಲ್ಲಿ ಶಾರದಾ ರಂಗನಾಥನ್ ದತ್ತಿ ಆರಂಭವಾಯಿತು. 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಂಗವಾಗಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿಯೇ ತಲೆಯೆತ್ತಿತು. ವಿಜ್ಞಾನಿಗಳಿಗೆ ಬೇಕಾದ ಮಾಹಿತಿಯನ್ನು ತಡವಿಲ್ಲದೆ ಒದಗಿಸುವ ವಿದ್ಯೆಯನ್ನು ಆ ಕೇಂದ್ರ ಇಂದಿಗೂ ಕಲಿಸುತ್ತಿದೆ. ಭಾರತ ಸರಕಾರವು 1957ರಲ್ಲಿ ಅವರಿಗೆ ಪದ್ಮಶ್ರೀಯನ್ನೂ, 1965ರಲ್ಲಿ ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕ ಪದವಿಯನ್ನೂ ನೀಡಿತು. ಗಣಿತದ ನಂಟನ್ನು ಅವರು ಕೊನೆಯವರೆಗೂ ಬಿಡಲಿಲ್ಲ. 1967ರಲ್ಲಿ ಶ್ರೀನಿವಾಸ ರಾಮಾನುಜನ್ ಅವರ ಜೀವನವನ್ನು ಕುರಿತು ಒಂದು ಗ್ರಂಥ ಬರೆದರು. 1972ರ ಸೆಪ್ಟೆಂಬರ್ 27ರಂದು, 80ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಅವರು ನಿಧನರಾದರು.

ನಮ್ಮ ಶಾಲೆಯ ಕಪಾಟು

ಅನೇಕ ಶಾಲೆಗಳಲ್ಲಿ ಪುಸ್ತಕದ ಕಪಾಟು ಇದೆ, ಅದಕ್ಕೆ ಬೀಗವೂ ಇದೆ. ಬೀಗ ಹಾಕಿದ ಅಧ್ಯಾಪಕರನ್ನು ದೂರುವುದು ಸುಲಭ. ಪುಸ್ತಕ ಕಳೆದುಹೋದರೆ ಲೆಕ್ಕ ಕೊಡಬೇಕಾದವರು ಅವರೇ ಎಂಬುದನ್ನೂ ನೆನೆಯಬೇಕು. ರಂಗನಾಥನ್ ಈ ಭಯವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಬಳಸಿದ ಪುಸ್ತಕ ಸವೆಯುತ್ತದೆ, ಒಂದೆರಡು ಕಳೆಯುವುದೂ ಉಂಟು. ಆ ನಷ್ಟವನ್ನು ಸಂಸ್ಥೆ ಹೊರಬೇಕೇ ವಿನಾ ಓದುಗನ ಮುಖಕ್ಕೆ ಬಾಗಿಲು ಮುಚ್ಚಬಾರದೆಂಬುದು ಅವರ ನಿಲುವು. ತಾಯಿತಂದೆಯರ ಸಭೆಯಲ್ಲಿ ಇದನ್ನು ಮಾತನಾಡಿ, ಹರಿದ ಮತ್ತು ಕಳೆದ ಪುಸ್ತಕಗಳ ಹೊರೆ ಒಬ್ಬ ಅಧ್ಯಾಪಕರ ತಲೆಯ ಮೇಲೆ ಬೀಳದಂತೆ ಊರವರು ಜೊತೆಗೆ ನಿಂತರೆ, ಬೀಗ ತೆಗೆಯುವುದು ಅವರಿಗೂ ಸುಲಭವಾದೀತು.

ದಾಸ್ತಾನು ಪುಸ್ತಕದಲ್ಲಿ ಎಷ್ಟು ಪುಸ್ತಕಗಳಿವೆಯೆಂದು ಕೇಳುವುದರ ಜೊತೆಗೆ, ಈ ತಿಂಗಳು ಎಷ್ಟು ಪುಸ್ತಕಗಳು ಮಕ್ಕಳ ಕೈ ಸೇರಿದವು ಎಂದೂ ಕೇಳೋಣ. ಹತ್ತಿರದ ಸಾರ್ವಜನಿಕ ಗ್ರಂಥಾಲಯದಲ್ಲಿ ಸದಸ್ಯರಾಗಿ, ಬೇಕಾದ ಕನ್ನಡ ಪುಸ್ತಕಗಳ ಹೆಸರನ್ನು ಬರೆದುಕೊಡೋಣ. ಕನ್ನಡ ಓದುಗರು ಬರುವುದಿಲ್ಲವೆಂದು ಕನ್ನಡ ಪುಸ್ತಕ ತರಿಸದಿರುವುದು, ಕನ್ನಡ ಪುಸ್ತಕವಿಲ್ಲವೆಂದು ಕನ್ನಡ ಓದುಗರು ಹೋಗದಿರುವುದು, ಈ ಎರಡೂ ಒಂದನ್ನೊಂದು ಬೆಳೆಸುತ್ತವೆ. ಮಗುವಿನ ಕೈ ಹಿಡಿದು ಗ್ರಂಥಾಲಯದ ಮೆಟ್ಟಿಲು ಹತ್ತುವ ಮೊದಲ ಹೆಜ್ಜೆ ಮನೆಯಿಂದಲೇ ಹೊರಡಬೇಕು.